ಎಕ್ಸ್‌ರೇ ಸರಿಯಿದೆ, ಪಾದ ಮಾತ್ರ ಏಳುತ್ತಿಲ್ಲ

ಪ್ರಶ್ನೆ: ನಾವು ದಾವಣಗೆರೆ ಕಡೆಯವರು. ಯಜಮಾನರ ಕೆಲಸದ ಸಲುವಾಗಿ ತಮಿಳುನಾಡಿನ ತಾಂಬರಂಗೆ ಬಂದು ನೆಲೆಸಿದ್ದೇವೆ. ಹತ್ತೊಂಬತ್ತು ವರ್ಷದ ಮಗ ಕಾಲೇಜು ತಂಡದಲ್ಲಿ ಕಬಡ್ಡಿ ಆಡುತ್ತಾನೆ, ರೈಡರ್. ಎರಡು ವಾರದ ಹಿಂದೆ ಪಂದ್ಯದಲ್ಲಿ ಎದುರಾಳಿ ಪಾದ ಹಿಡಿದು ಒಳಕ್ಕೆ ಎಳೆದಾಗ ಮಂಡಿ ಹೊರಕ್ಕೆ ಬಾಗಿ ಬಿದ್ದ. ಎಕ್ಸ್‌ರೇ ನೋಡಿ ಮೂಳೆಗೆ ಏನೂ ಆಗಿಲ್ಲ ಎಂದರು. ಈಗ ಊತ ಇಳಿದಿದೆ, ನೋವೂ ಕಡಿಮೆ. ಆದರೆ ಪಾದವನ್ನು ಮೇಲಕ್ಕೆತ್ತಲು ಆಗುತ್ತಿಲ್ಲ. ನಡೆಯುವಾಗ ಬೆರಳುಗಳು ನೆಲಕ್ಕೆ ಉಜ್ಜಿ ಚಪ್ಪಲಿ ಕಳಚಿಹೋಗುತ್ತದೆ. ಪಾದದ ಮೇಲ್ಭಾಗ ಜೋಮು ಹಿಡಿದ ಹಾಗಿದೆ ಎನ್ನುತ್ತಾನೆ. ಒಬ್ಬರು ಇಎಂಜಿ ಮಾಡಿಸಿ ಎಂದರು, ಇನ್ನೊಬ್ಬರು ಈಗಲೇ ಮಾಡಿಸಿದರೆ ಪ್ರಯೋಜನವಿಲ್ಲ ಎಂದರು. ಕೋಚ್ ವರ್ಮ ಚಿಕಿತ್ಸೆಗೆ ಕರೆದುಕೊಂಡು ಹೋಗೋಣ ಎನ್ನುತ್ತಿದ್ದಾರೆ. ಇನ್ನು ಕೆಲವೇ ತಿಂಗಳಲ್ಲಿ ಕ್ರೀಡಾ ಕೋಟಾದ ಆಯ್ಕೆ ಇದೆ. ನರ ತುಂಡಾಗಿದೆಯೇ? ಅವನು ಮತ್ತೆ ಆಡುತ್ತಾನೆಯೇ?
— ಓದುಗರೊಬ್ಬರು, ತಾಂಬರಂ

ಉತ್ತರ: ನೀವು ಬರೆದ ಲಕ್ಷಣಗಳನ್ನು ಓದಿದರೆ ಮಂಡಿಯ ಹೊರಬದಿಯಲ್ಲಿ ಹಾದುಹೋಗುವ ಕಾಮನ್ ಪೆರೋನಿಯಲ್ ನರಕ್ಕೆ ಪೆಟ್ಟಾಗಿದೆ ಅನ್ನಿಸುತ್ತದೆ. ಕಾಲನ್ನು ಮುಟ್ಟಿ ಪರೀಕ್ಷಿಸದೆ ಇದನ್ನು ಖಚಿತವಾಗಿ ಹೇಳುವಂತಿಲ್ಲ. ಆದರೆ ಆ ದಿಕ್ಕಿನಲ್ಲಿ ಯೋಚಿಸಲು ಬೇಕಾದ ಸುಳಿವೆಲ್ಲ ನಿಮ್ಮ ಪತ್ರದಲ್ಲೇ ಇದೆ. ಇಎಂಜಿ, ಅಂದರೆ ಕರೆಂಟು ಮತ್ತು ಸೂಜಿಯಿಂದ ನರ-ಸ್ನಾಯುಗಳನ್ನು ನೋಡುವ ಪರೀಕ್ಷೆಯ ವಿಷಯದಲ್ಲಿ ಆ ಇಬ್ಬರು ಹೇಳಿದ್ದೂ ಸರಿಯೇ: ಪರೀಕ್ಷೆ ಬೇಕೇ ಬೇಕು, ಆದರೆ ಇನ್ನೂ ಒಂದು ವಾರ ಕಳೆಯಲಿ. ಕಾಯದೆ ಈ ವಾರವೇ ಮಾಡಿಸಬೇಕಾದದ್ದು ಬೇರೊಂದಿದೆ. ಅದು ಮಂಡಿಯ ಎಂಆರ್‌ಐ. ನಿಮ್ಮ ಪತ್ರದಲ್ಲಿ ಅದರ ಮಾತೇ ಇಲ್ಲದಿರುವುದು ನನಗೆ ಚಿಂತೆ ತಂದಿದೆ.

ಯಾಕೆಂದು ಹೇಳುತ್ತೇನೆ. ಎಕ್ಸ್‌ರೇಯಲ್ಲಿ ಕಾಣುವುದು ಮೂಳೆ ಮಾತ್ರ. ಪಾದ ಒಳಕ್ಕೆ, ಮಂಡಿ ಹೊರಕ್ಕೆ ಬಾಗಿ ನರ ಎಳೆದುಕೊಳ್ಳುವಷ್ಟು ಬಲ ಬಿದ್ದಿದ್ದರೆ, ಅದೇ ಬದಿಯ ಲಿಗಮೆಂಟುಗಳೂ ಹರಿದಿರುವ ಸಾಧ್ಯತೆ ಹೆಚ್ಚು. ಮಂಡಿಯ ಹೊರ ಹಿಂಬದಿಯ ಈ ಕಟ್ಟುಗಳು ಹರಿದಿದ್ದರೆ ಮೊದಲ ಎರಡು ಮೂರು ವಾರದೊಳಗೆ ದುರಸ್ತಿ ಮಾಡುವುದು ಸುಲಭ. ಆಮೇಲೆ ಎಲ್ಲವೂ ಒಂದಕ್ಕೊಂದು ಅಂಟಿ, ಕುಗ್ಗಿ, ಕೆಲಸ ಕಠಿಣವಾಗುತ್ತದೆ. ಕೆಲವೊಮ್ಮೆ ಮಂಡಿಯ ಕೀಲು ಅಂಕಣದಲ್ಲೇ ಪೂರ್ತಿ ತಪ್ಪಿ, ಆಸ್ಪತ್ರೆ ಸೇರುವಷ್ಟರಲ್ಲಿ ತಾನಾಗಿಯೇ ಮತ್ತೆ ಕೂತುಬಿಟ್ಟಿರುತ್ತದೆ. ಎಕ್ಸ್‌ರೇ ತೆಗೆದವರಿಗೆ ಏನೂ ಕಾಣುವುದಿಲ್ಲ. ಹೀಗೆ ಕೀಲು ತಪ್ಪಿದವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಪೆರೋನಿಯಲ್ ನರಕ್ಕೆ ಪೆಟ್ಟಾಗಿರುತ್ತದೆ. ಮಂಡಿಯ ಹಿಂದಿನ ರಕ್ತನಾಳಕ್ಕೂ ಅಪಾಯವುಂಟು. ನಿಮ್ಮ ಮಗನಿಗೆ ಎರಡು ವಾರ ಕಳೆದಿರುವುದರಿಂದ ಆ ಗಂಡಾಂತರ ದಾಟಿದೆ ಎನ್ನಬಹುದು. ಆದರೆ ಇದನ್ನು ಓದುತ್ತಿರುವ ಕೋಚ್‌ಗಳು ಒಂದು ಮಾತು ನೆನಪಿಡಬೇಕು: ಮಂಡಿ ತಿರುಚಿ ಬಿದ್ದ ಆಟಗಾರನ ಪಾದ ತಣ್ಣಗಾಗಿದ್ದರೆ, ಬಿಳಿಚಿಕೊಂಡಿದ್ದರೆ, ಅಥವಾ ಬೆರಳುಗಳನ್ನು ನೀವು ಅಲುಗಾಡಿಸಿದರೂ ತಾಳಲಾರದಷ್ಟು ನೋವು ಮೀನಖಂಡದಲ್ಲಿ ಏರುತ್ತಿದ್ದರೆ ಪಂದ್ಯ ಮುಗಿಯುವವರೆಗೆ ಕಾಯಬಾರದು. ಅಲ್ಲಿ ಲೆಕ್ಕ ಗಂಟೆಗಳದ್ದು.

ಈಗ ನರದ ವಿಷಯಕ್ಕೆ ಬರೋಣ. ಮಂಡಿಯ ಹೊರಬದಿಯಲ್ಲಿ, ಸ್ವಲ್ಪ ಕೆಳಗೆ, ಬೆರಳಿಗೆ ಒಂದು ಗಟ್ಟಿ ಗುಬುಟು ಸಿಗುತ್ತದೆ. ಅದು ಫಿಬುಲಾ ಎಂಬ ತೆಳುವಾದ ಮೂಳೆಯ ತಲೆ. ಅದರ ಕತ್ತನ್ನು ಸುತ್ತಿಕೊಂಡು ಈ ನರ ಹಿಂದಿನಿಂದ ಮುಂದಕ್ಕೆ ಬರುತ್ತದೆ. ಅಲ್ಲಿ ಅದಕ್ಕೆ ಚರ್ಮ ಮತ್ತು ಒಂದಿಷ್ಟು ಕೊಬ್ಬು ಬಿಟ್ಟರೆ ಬೇರೆ ಮರೆಯಿಲ್ಲ. ಅಷ್ಟೇ ಅಲ್ಲ, ಆ ಜಾಗದಲ್ಲಿ ಅದು ಮೂಳೆಗೆ ಬಿಗಿದುಕೊಂಡಿರುತ್ತದೆ. ಮಂಡಿ ಬಾಗಿದಾಗ ಜಾರಿ ತಪ್ಪಿಸಿಕೊಳ್ಳಲು ಅದಕ್ಕೆ ಎಡೆಯಿಲ್ಲ, ಎಳೆದಷ್ಟೂ ಹಿಗ್ಗುತ್ತದೆ. ಅಲ್ಲಿಂದ ಮುಂದೆ ಅದು ಎರಡಾಗಿ ಕವಲೊಡೆಯುತ್ತದೆ. ಒಂದು ಕವಲು ಪಾದ ಮತ್ತು ಬೆರಳುಗಳನ್ನು ಮೇಲಕ್ಕೆತ್ತುವ ಸ್ನಾಯುಗಳಿಗೆ, ಇನ್ನೊಂದು ಪಾದವನ್ನು ಹೊರಕ್ಕೆ ತಿರುಗಿಸುವ ಸ್ನಾಯುಗಳಿಗೆ. ಪಾದದ ಮೇಲ್ಭಾಗದ ಸ್ಪರ್ಶವೂ ಇದರದ್ದೇ. ಮಗನ ಚಪ್ಪಲಿ ಕಳಚುವುದು, ಪಾದದ ಮೇಲೆ ಜೋಮು, ಎರಡಕ್ಕೂ ಮೂಲ ಇದೇ ಇರಬೇಕು.

ಹಾಗಿದ್ದರೂ ಒಳ್ಳೆಯ ವೈದ್ಯರು ಇಲ್ಲಿಗೇ ನಿಲ್ಲುವುದಿಲ್ಲ. ಪಾದ ಏಳದಿರಲು ಸೊಂಟದಲ್ಲಿ ಐದನೇ ಕಶೇರುವಿನ ಬಳಿ ನರದ ಬೇರು ಒತ್ತಿಕೊಂಡಿರುವುದೂ ಕಾರಣವಾಗಬಹುದು, ಮತ್ತು ಬಿದ್ದ ರಭಸಕ್ಕೆ ಡಿಸ್ಕ್ ಜಾರುವುದು ಅಪರೂಪವೇನಲ್ಲ. ಎರಡನ್ನೂ ಬೇರೆ ಮಾಡಲು ಯಂತ್ರ ಬೇಡ, ಮಂಚ ಸಾಕು. ಮಗನನ್ನು ಕೂರಿಸಿ ಅಂಗಾಲನ್ನು ಒಳಕ್ಕೆ, ಇನ್ನೊಂದು ಪಾದದ ಕಡೆಗೆ ತಿರುಗಿಸಲು ಹೇಳುತ್ತಾರೆ, ತಮ್ಮ ಕೈಯನ್ನು ಅಡ್ಡ ಹಿಡಿದು. ಆ ಚಲನೆಯ ಸ್ನಾಯುವಿಗೆ ಬರುವುದು ಬೇರೆ ನರ. ಆದರೆ ಸೊಂಟದ ಅದೇ ಬೇರಿನ ಎಳೆಗಳು ಅದಕ್ಕೂ ಹೋಗುತ್ತವೆ. ಹಾಗಾಗಿ ಒಳಕ್ಕೆ ತಿರುಗಿಸುವ ಬಲ ಪೂರ್ತಿ ಇದ್ದು, ಮೇಲೆತ್ತುವುದೂ ಹೊರಕ್ಕೆ ತಿರುಗಿಸುವುದೂ ಮಾತ್ರ ಸೋತಿದ್ದರೆ ತೊಂದರೆ ಮಂಡಿಯ ಬಳಿ. ಮೂರೂ ಸೋತಿದ್ದರೆ, ಒಂದು ಪಕ್ಕಕ್ಕೆ ಮಲಗಿ ತೊಡೆಯನ್ನು ಮೇಲೆತ್ತುವುದೂ ಕಷ್ಟವಾದರೆ, ಸೊಂಟವನ್ನು ನೋಡಬೇಕು. ಆಮೇಲೆ ಫಿಬುಲಾದ ಕತ್ತಿನ ಮೇಲೆ ಬೆರಳಿನಿಂದ ಮೆಲ್ಲಗೆ ತಟ್ಟುತ್ತಾರೆ. ಪಾದದ ಮೇಲೆ ಜುಮ್ಮೆಂದು ಕರೆಂಟು ಹರಿದಂತಾದರೆ ನರದ ಎಳೆಗಳು ಆ ಜಾಗದಲ್ಲಿ ಚಿಗುರುತ್ತಿವೆ ಎಂದು ಅರ್ಥ ಮಾಡುತ್ತಾರೆ. ಮೊದಲ ಮಹಾಯುದ್ಧದ ಗಾಯಾಳುಗಳನ್ನು ನೋಡುತ್ತಿದ್ದ ಫ್ರೆಂಚ್ ವೈದ್ಯ ಜೂಲ್ಸ್ ಟಿನೆಲ್ 1915ರಲ್ಲಿ ಇದನ್ನು ವಿವರಿಸಿದರು. ಜುಮ್ಮೆನ್ನುವ ಜಾಗ ತಿಂಗಳಿಂದ ತಿಂಗಳಿಗೆ ಕೆಳಕ್ಕೆ ಸರಿಯುತ್ತಿದೆಯೇ ಎಂದು ಗುರುತು ಹಾಕಿಕೊಂಡು ನೋಡುವುದು ಇವತ್ತಿಗೂ ಕಾಸಿಲ್ಲದ ಉತ್ತಮ ಪರೀಕ್ಷೆ.

ನರ ತುಂಡಾಗಿದೆಯೇ ಎಂದು ಕೇಳಿದ್ದೀರಿ. ನರದೊಳಗೆ ಸಾವಿರಾರು ಸೂಕ್ಷ್ಮ ಎಳೆಗಳಿರುತ್ತವೆ, ಪ್ರತಿ ಎಳೆಗೂ ಹೊದಿಕೆ, ಎಲ್ಲದರ ಸುತ್ತ ಕೊಳವೆಯಂಥ ಪೊರೆ. ಬ್ರಿಟಿಷ್ ಶಸ್ತ್ರವೈದ್ಯ ಹರ್ಬರ್ಟ್ ಸೆಡನ್ 1943ರಲ್ಲಿ ಮಾಡಿದ ವಿಂಗಡಣೆಯನ್ನೇ ಈಗಲೂ ಬಳಸುತ್ತಾರೆ. ಹೊದಿಕೆ ಮಾತ್ರ ಜಜ್ಜಿ, ಎಳೆ ಉಳಿದಿದ್ದರೆ ಅದು ನ್ಯೂರಾಪ್ರಾಕ್ಸಿಯಾ. ಸಂದೇಶ ಅಲ್ಲಿ ತಡೆದು ನಿಂತಿರುತ್ತದೆ ಅಷ್ಟೇ, ಕೆಲವು ವಾರಗಳಿಂದ ಮೂರು ತಿಂಗಳೊಳಗೆ ತಾನಾಗಿ ಸರಿಹೋಗುತ್ತದೆ. ಎಳೆಗಳು ಹರಿದು ಪೊರೆಯ ಕೊಳವೆ ಉಳಿದಿದ್ದರೆ ಆಕ್ಸನೋಟ್ಮೆಸಿಸ್. ಹರಿದ ತುದಿಯಿಂದ ಕೆಳಗಿನ ಭಾಗ ಕೊಳೆತು ಹೋಗಿ, ಮೇಲಿನಿಂದ ಹೊಸ ಎಳೆ ಕೊಳವೆಯೊಳಗೆ ಇಳಿದು ಬರಬೇಕು. ಎಲ್ಲವೂ ಹರಿದಿದ್ದರೆ ನ್ಯೂರೋಟ್ಮೆಸಿಸ್. ಇಲ್ಲಿ ಶಸ್ತ್ರಚಿಕಿತ್ಸೆ ಇಲ್ಲದೆ ದಾರಿಯಿಲ್ಲ. ಕಷ್ಟ ಇರುವುದೆಂದರೆ ಮೊದಲ ದಿನ ಈ ಮೂರೂ ಒಂದೇ ಥರ ಕಾಣುತ್ತವೆ. ಪಾದ ಮೂರರಲ್ಲೂ ಏಳುವುದಿಲ್ಲ. ಎಳೆದು ಆದ ಪೆಟ್ಟಿನಲ್ಲಂತೂ ಒಂದೇ ನರದೊಳಗೆ ಕೆಲವು ಎಳೆಗಳಿಗೆ ಒಂದು ಗತಿ, ಇನ್ನು ಕೆಲವಕ್ಕೆ ಇನ್ನೊಂದು.

ಇಎಂಜಿಗೆ ಮೂರು ವಾರ ಕಾಯುವುದು ಇದಕ್ಕಾಗಿ. ಹರಿದ ಎಳೆಯ ಕೆಳಭಾಗ ತಕ್ಷಣ ಸಾಯುವುದಿಲ್ಲ. ಕಪ್ಪೆಯ ನಾಲಗೆಯ ನರ ಕತ್ತರಿಸಿ ಆ ಬದಲಾವಣೆಯನ್ನು ಮೊದಲು ವಿವರಿಸಿದ್ದು ಅಗಸ್ಟಸ್ ವಾಲರ್, 1850ರಲ್ಲಿ. ಮನುಷ್ಯರಲ್ಲಿ ಕೆಳಭಾಗದ ಎಳೆ ಕರೆಂಟಿಗೆ ಪ್ರತಿಕ್ರಿಯೆ ನಿಲ್ಲಿಸಲು ಒಂದು ವಾರದಿಂದ ಹತ್ತು ಹನ್ನೊಂದು ದಿನ ಹಿಡಿಯುತ್ತದೆ. ನರ ಕಳೆದುಕೊಂಡ ಸ್ನಾಯು ಸೂಜಿಗೆ ತನ್ನ ವಿಶಿಷ್ಟ ಮಿಡಿತ ತೋರಿಸಲು ಎರಡು ಮೂರು ವಾರ ಬೇಕು. ಐದನೇ ದಿನ ಪರೀಕ್ಷೆ ಮಾಡಿಸಿ, ವರದಿ ಪರವಾಗಿಲ್ಲ ಎಂದು ನಂಬಿ, ಮೂರು ತಿಂಗಳು ಸುಮ್ಮನಿದ್ದವರ ಪಾಡು ಬೇಡ. ಮೂರು ವಾರಕ್ಕೆ ಒಮ್ಮೆ, ಮೂರು ತಿಂಗಳ ಹತ್ತಿರ ಮತ್ತೊಮ್ಮೆ ಮಾಡಿಸಬೇಕು. ಆದಷ್ಟು ಒಂದೇ ಕಡೆ ಮಾಡಿಸಿ, ಎರಡನೆಯದರ ಬೆಲೆ ಮೊದಲನೆಯದರ ಜೊತೆ ಹೋಲಿಸಿದಾಗಲೇ. ಈಗ ಚರ್ಮದ ಮೇಲಿನಿಂದ ನರವನ್ನು ನೇರವಾಗಿ ನೋಡುವ ಸೂಕ್ಷ್ಮ ಅಲ್ಟ್ರಾಸೌಂಡ್ ಕೂಡ ಇದೆ. ನರ ಅಖಂಡವಾಗಿದೆಯೇ, ಊದಿದೆಯೇ, ಪಕ್ಕದ ಕೀಲಿನಿಂದ ನೀರುಗುಳ್ಳೆ ನುಗ್ಗಿದೆಯೇ ಎನ್ನುವುದು ಅನುಭವಸ್ಥರ ಕೈಯಲ್ಲಿ ಅದರಿಂದ ತಿಳಿಯುತ್ತದೆ, ಅದಕ್ಕೆ ಮೂರು ವಾರ ಕಾಯಬೇಕಾಗಿಯೂ ಇಲ್ಲ.

ಹೊಸ ಎಳೆ ಬೆಳೆಯುವ ವೇಗ ದಿನಕ್ಕೆ ಸುಮಾರು ಒಂದು ಮಿಲಿಮೀಟರ್. ಮಂಡಿಯ ಬಳಿಯ ಪೆಟ್ಟಿನಿಂದ ಪಾದ ಎತ್ತುವ ಸ್ನಾಯುವಿಗೆ ನರ ಹೊಕ್ಕುವ ಜಾಗ ಹತ್ತು ಸೆಂಟಿಮೀಟರ್ ಎಂದಿಟ್ಟುಕೊಂಡರೆ ನೂರು ದಿನ, ಮೇಲೆ ಕೆಲವು ವಾರ. ಬೆರಳುಗಳ ಸ್ನಾಯುವಿಗೆ ಇನ್ನೂ ತಡ. ಔಷಧಿಯಿಂದಾಗಲಿ, ಹಣದಿಂದಾಗಲಿ, ಹುಡುಗನ ಹಟದಿಂದಾಗಲಿ ಇದರ ವೇಗ ಹೆಚ್ಚುವುದಿಲ್ಲ. ಇತ್ತ ಸ್ನಾಯುವಿಗೂ ತಾಳ್ಮೆಯ ಮಿತಿ ಇದೆ. ಒಂದರಿಂದ ಒಂದೂವರೆ ವರ್ಷ ನರವಿಲ್ಲದೆ ಉಳಿದ ಸ್ನಾಯು ಆಮೇಲೆ ನರ ಬಂದರೂ ಕೆಲಸ ಮಾಡುವುದು ಕಡಿಮೆ. ಮೂರು ತಿಂಗಳಿಗೂ ಸ್ನಾಯು ಮಿಸುಕದಿದ್ದರೆ, ಎರಡನೇ ಇಎಂಜಿಯಲ್ಲೂ ಚೇತರಿಕೆಯ ಗುರುತಿಲ್ಲದಿದ್ದರೆ ನರವನ್ನು ತೆರೆದು ನೋಡುವ ಮಾತು ಬರುವುದು ಈ ಲೆಕ್ಕದ ಮೇಲೆಯೇ. ಚೂಪಾದ ವಸ್ತು ಕೊಯ್ದು ಆದ ಗಾಯವಾಗಿದ್ದರೆ ಮಾತು ಬೇರೆ, ಅದನ್ನು ಆದಷ್ಟು ಬೇಗ, ದಿನಗಳಲ್ಲೇ ಹೊಲಿಯಬೇಕು.

ಸಮಾಧಾನದ ಸಂಗತಿ ಒಂದಿದೆ. ಎಲ್ಲ ಎಳೆಗಳೂ ಹರಿದಿರದಿದ್ದರೆ, ಉಳಿದ ಎಳೆಗಳು ಪಕ್ಕಕ್ಕೆ ಚಿಗುರೊಡೆದು ಅನಾಥವಾದ ಸ್ನಾಯುತಂತುಗಳನ್ನು ತಮ್ಮ ತೆಕ್ಕೆಗೆ ತೆಗೆದುಕೊಳ್ಳುತ್ತವೆ. ಇದು ಆ ಒಂದು ಮಿಲಿಮೀಟರ್ ಲೆಕ್ಕಕ್ಕಿಂತ ಬೇಗ ಫಲ ಕೊಡುತ್ತದೆ. ಪೋಲಿಯೊದಲ್ಲಿ ಹಾನಿಯಾಗುವುದು ಬೆನ್ನುಹುರಿಯೊಳಗಿನ ನರಕೋಶಗಳಿಗೆ, ಆ ಕಾಯಿಲೆಯೇ ಬೇರೆ. ಆದರೂ ಪೋಲಿಯೊ ಬಂದ ಕೈಕಾಲಿನಲ್ಲಿ ಬಲ ಮರಳುವುದರಲ್ಲಿ ಈ ಪಕ್ಕದ ಚಿಗುರಿನದೇ ದೊಡ್ಡ ಪಾಲು. ಬಾಲ್ಯದಲ್ಲಿ ಪೋಲಿಯೊ ತಗುಲಿ ಬಲಗೈ ಸೊರಗಿದ್ದ ನಮ್ಮ ಬಿ.ಎಸ್. ಚಂದ್ರಶೇಖರ್ ಅದೇ ಕೈಯಿಂದ 58 ಟೆಸ್ಟ್‌ಗಳಲ್ಲಿ 242 ವಿಕೆಟ್ ಪಡೆದರು. ಸ್ವಲ್ಪ ಉಳಿದ ನರ ಏನು ಮಾಡಬಲ್ಲದು ಎಂಬುದಕ್ಕೆ ಕನ್ನಡಿಗರಿಗೆ ಬೇರೆ ಸಾಕ್ಷಿ ಬೇಕಿಲ್ಲ. ಹಾಗಾಗಿ ಮಗನ ಇಎಂಜಿ ವರದಿಯಲ್ಲಿ ಮೊದಲು ನೋಡಬೇಕಾದದ್ದು ಒಂದಿಷ್ಟಾದರೂ ಎಳೆಗಳು ಉಳಿದಿವೆಯೇ ಎಂಬುದನ್ನು.

ತಾಂಬರಂನಲ್ಲಿದ್ದೀರಿ ಎಂದಿರಿ. ನರದ ವಿಷಯದಲ್ಲಿ ನೀವಿರುವ ಪ್ರದೇಶಕ್ಕೆ ದೊಡ್ಡ ಇತಿಹಾಸವಿದೆ, ಮತ್ತು ಅದು ಕ್ರೀಡೆಯಿಂದ ಬಂದದ್ದಲ್ಲ. ತಾಂಬರಂನಿಂದ ರೈಲು ಮಾರ್ಗದಲ್ಲಿ ದಕ್ಷಿಣಕ್ಕೆ ಹೋದರೆ ಚೆಂಗಲ್ಪಟ್ಟು. ಅಲ್ಲಿನ ತಿರುಮಣಿಯಲ್ಲಿ 1955ರಿಂದ ಕೇಂದ್ರ ಸರ್ಕಾರದ ಕುಷ್ಠರೋಗ ಬೋಧನಾ ಮತ್ತು ಸಂಶೋಧನಾ ಸಂಸ್ಥೆ ನಡೆಯುತ್ತಿದೆ. ಪಶ್ಚಿಮಕ್ಕೆ ವೆಲ್ಲೂರು. ಕುಷ್ಠರೋಗಿಗಳ ಕೈಕಾಲು ವಿಕಾರವಾಗುವುದು ಮಾಂಸ ಕೊಳೆತು ಎಂದೇ ಜನ ನಂಬಿದ್ದ ಕಾಲದಲ್ಲಿ, ಅದಕ್ಕೆ ಮೂಲ ನರದ ಹಾನಿ ಮತ್ತು ಸ್ಪರ್ಶ ಹೋದ ಚರ್ಮಕ್ಕೆ ಮತ್ತೆ ಮತ್ತೆ ಆಗುವ ಗಾಯ ಎಂದು ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಲ್ಲಿ ತೋರಿಸಿಕೊಟ್ಟವರು ಪಾಲ್ ಬ್ರ್ಯಾಂಡ್. ಅವರು ಹುಟ್ಟಿದ್ದೂ ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ. 1940ರ ದಶಕದ ಕೊನೆಯಿಂದ ಅವರೂ ಅವರ ಸಹೋದ್ಯೋಗಿಗಳೂ ಕೆಲಸ ಮಾಡುವ ಸ್ನಾಯುವಿನ ರಜ್ಜುವನ್ನು ಬಿಡಿಸಿ, ಸತ್ತ ಸ್ನಾಯುವಿನ ಜಾಗಕ್ಕೆ ಕಟ್ಟಿ, ಮಡಚಿಕೊಂಡ ಬೆರಳುಗಳನ್ನು ಬಿಡಿಸಿದರು, ಬಿದ್ದ ಪಾದಗಳನ್ನು ಎತ್ತಿ ನಿಲ್ಲಿಸಿದರು. ಊರಿನವರು ದೂರವಿಟ್ಟಿದ್ದ ಆ ರೋಗಿಗಳ ಕೈಕಾಲುಗಳಲ್ಲಿ ಕಲಿತ ಪಾಠ ಇಂದು ನರ ಮರಳದ ಆಟಗಾರರ ನೆರವಿಗೂ ಬರುತ್ತಿದೆ. ಪಾದವನ್ನು ಒಳಕ್ಕೆ ತಿರುಗಿಸುವ ರಜ್ಜುವನ್ನು ಕಾಲಿನ ಎರಡು ಮೂಳೆಗಳ ನಡುವಿನಿಂದ ಮುಂದಕ್ಕೆ ತಂದು ಪಾದದ ಮೇಲೆ ಕೂರಿಸುವ ಆಪರೇಷನ್ ಅದು. ನಡಿಗೆ ಚೆನ್ನಾಗಿ ಮರಳುತ್ತದೆ, ಚುರುಕಿನ ಆಟ ಅಷ್ಟಾಗಿ ಅಲ್ಲ.

ಕುಷ್ಠರೋಗದ ಕ್ಷೇತ್ರ ಕಾರ್ಯಕರ್ತರಿಗೆ ಕಲಿಸುವ ಒಂದು ಪರೀಕ್ಷೆಯನ್ನು ಪ್ರತಿ ಕೋಚ್ ಕಲಿಯಬೇಕೆಂಬುದು ನನ್ನ ಬಲವಾದ ಅಭಿಪ್ರಾಯ. ಕಿರುಬೆರಳನ್ನು ಪಕ್ಕಕ್ಕೆ ಸರಿಸು. ಅಂಗೈ ಮೇಲೆ ಮಾಡಿ ಹೆಬ್ಬೆರಳನ್ನು ನೆಟ್ಟಗೆ ಮೇಲಕ್ಕೆತ್ತು. ಮಣಿಕಟ್ಟನ್ನು ಹಿಂದಕ್ಕೆ ಬಾಗಿಸು. ಪಾದವನ್ನು ಮೇಲಕ್ಕೆತ್ತು. ಪ್ರತಿ ಸಲವೂ ಪರೀಕ್ಷಕರು ಎದುರು ಒತ್ತಿ ಎರಡೂ ಬದಿ ಹೋಲಿಸುತ್ತಾರೆ. ಕ್ರಮವಾಗಿ ಅಲ್ನಾರ್, ಮೀಡಿಯನ್, ರೇಡಿಯಲ್, ಪೆರೋನಿಯಲ್ ನರಗಳ ಪರೀಕ್ಷೆ ಎರಡು ನಿಮಿಷದಲ್ಲಿ ಮುಗಿಯಿತು. ಸ್ಪರ್ಶಕ್ಕೆ ಬಾಲ್‌ಪೆನ್ನಿನ ತುದಿ ಸಾಕು. ಕಣ್ಣು ಮುಚ್ಚಿಸಿ ಮೆಲ್ಲಗೆ ತಾಗಿಸಿ ಎಲ್ಲಿ ಎಂದು ಬೆರಳು ಇಡಲು ಹೇಳುವುದು. ಆಟಗಾರರಿಗಾಗಿ ನಾನು ಇದಕ್ಕೆ ಒಂದನ್ನು ಸೇರಿಸುತ್ತೇನೆ: ತೋಳನ್ನು ಪಕ್ಕಕ್ಕೆ ಎತ್ತುವುದು. ಭುಜದ ಕೀಲು ತಪ್ಪಿದಾಗ ಆ್ಯಕ್ಸಿಲರಿ ನರಕ್ಕೆ ಪೆಟ್ಟಾಗುವುದು ಸಾಮಾನ್ಯ, ಮತ್ತು ಕೀಲು ಕೂರಿಸಿದ ಸಂಭ್ರಮದಲ್ಲಿ ಅದನ್ನು ಗಮನಿಸುವುದೇ ಇಲ್ಲ.

ಇನ್ನೊಂದು ಕಾರಣಕ್ಕೂ ಕುಷ್ಠರೋಗವನ್ನು ಹೆಸರಿಸಬೇಕಾಗಿದೆ. 2005ರ ಕೊನೆಗೆ ಅದು ಸಾರ್ವಜನಿಕ ಆರೋಗ್ಯ ಸಮಸ್ಯೆಯಾಗಿ ನಿರ್ಮೂಲವಾಯಿತೆಂದು ದೇಶ ಘೋಷಿಸಿತಾದರೂ ಹೊಸ ರೋಗಿಗಳು ಈಗಲೂ ಪತ್ತೆಯಾಗುತ್ತಿದ್ದಾರೆ. ಅದು ಇಷ್ಟಪಟ್ಟು ಹಿಡಿಯುವ ನರಗಳಲ್ಲಿ ಮೊಣಕೈ ಬಳಿಯ ಅಲ್ನಾರ್, ಮಂಡಿ ಬಳಿಯ ಪೆರೋನಿಯಲ್ ಎರಡೂ ಇವೆ. ನಿಮ್ಮ ಮಗನಿಗೆ ಪೆಟ್ಟಿನ ಕಥೆ ಸ್ಪಷ್ಟವಾಗಿರುವುದರಿಂದ ಹೆದರಬೇಡಿ. ಆದರೆ ಪೆಟ್ಟಿನ ನೆನಪೇ ಇಲ್ಲದೆ ಪಾದ ಬಿದ್ದ, ಅಥವಾ ಕಿರುಬೆರಳು ಜೋಮು ಹಿಡಿದ ಆಟಗಾರನಲ್ಲಿ ಸ್ಪರ್ಶವಿಲ್ಲದ ಮಾಸಲು ಮಚ್ಚೆ, ದಪ್ಪಗಾದ ನರ ಹುಡುಕಲೇಬೇಕು. ಚಿಕಿತ್ಸೆ ಉಚಿತ, ಆರರಿಂದ ಹನ್ನೆರಡು ತಿಂಗಳ ಮಾತ್ರೆ, ಪೂರ್ತಿ ವಾಸಿ. ಸಕ್ಕರೆ ಕಾಯಿಲೆ, ಬಿ12 ಕೊರತೆ, ತೂಕದ ಮಿತಿಗೆ ಒಳಪಡಲು ತಿಂಗಳೊಪ್ಪತ್ತಿನಲ್ಲಿ ಮೈ ಇಳಿಸಿಕೊಳ್ಳುವುದು ಇವೂ ನರ ಸೋಲಲು ಕಾರಣವಾಗುತ್ತವೆ. ಮಂಡಿಯ ಬಳಿ ಆ ನರಕ್ಕಿದ್ದ ಒಂದಿಷ್ಟು ಕೊಬ್ಬೂ ಕರಗಿದಾಗ ಚಕ್ಕಳಮಕ್ಕಳ ಹಾಕಿ ಕೂತರೂ ಸಾಕು ಅದು ಒತ್ತಿಕೊಳ್ಳುತ್ತದೆ. ಕಬಡ್ಡಿ ಹುಡುಗರು ತೂಕ ಹಾಕುವ ಮುನ್ನ ಏನೆಲ್ಲ ಮಾಡುತ್ತಾರೆಂದು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ.

ಮನೆಯಲ್ಲಿ ಈಗ ಏನು ಮಾಡಬೇಕು? ಪಾದವನ್ನು ತೊಂಬತ್ತು ಡಿಗ್ರಿಯಲ್ಲಿ ಹಿಡಿದಿಡುವ ಎಎಫ್‌ಒ ಪಟ್ಟಿ ಇವತ್ತೇ ಬೇಕು. ಇಲ್ಲದಿದ್ದರೆ ಹಿಮ್ಮಡಿಯ ಹಿಂದಿನ ರಜ್ಜು ವಾರಗಳಲ್ಲೇ ಕುಗ್ಗಿ, ನಾಳೆ ನರ ಮರಳಿದರೂ ಪಾದ ಏಳದು. ದಿನಕ್ಕೆ ಮೂರು ನಾಲ್ಕು ಸಲ ನೀವೇ ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು, ಅಂಗಾಲನ್ನು ಮುಂಗೈಯಿಂದ ಮೇಲಕ್ಕೆ ಒತ್ತಿ ನಿಧಾನಕ್ಕೆ ಬಾಗಿಸಿ. ಪಟ್ಟಿಯ ಮೇಲಂಚು ಫಿಬುಲಾದ ಗುಬುಟಿಗೆ ಒತ್ತದಂತೆ ನೋಡಿ. ಕಾಲ ಮೇಲೆ ಕಾಲು ಹಾಕಿ ಕೂರುವುದು, ಕುಕ್ಕರಗಾಲಿನಲ್ಲಿ ಕೂರುವುದು ಬೇಡ. ಪಾದದ ಮೇಲೆ ಸ್ಪರ್ಶ ಕಡಿಮೆ ಇರುವುದರಿಂದ ಬಿಸಿನೀರ ಚೀಲ, ಕಾದ ಮರಳಿನ ಶಾಖ ಯಾವುದೂ ಬೇಡ. ಸುಟ್ಟರೂ ಅವನಿಗೆ ತಿಳಿಯುವುದಿಲ್ಲ. ಐಸ್ ಕೂಡ ಮಂಡಿಯ ಹೊರಬದಿಗೆ ನೇರವಾಗಿ ಬಿಗಿದು ಕಟ್ಟಬಾರದು. ಐಸ್ ಕಟ್ಟಿಕೊಂಡೇ ಈ ನರ ಸೋತ ಆಟಗಾರರ ವರದಿಗಳು ವೈದ್ಯಕೀಯ ಪತ್ರಿಕೆಗಳಲ್ಲಿವೆ. ಬಟ್ಟೆ ಸುತ್ತಿ, ಇಪ್ಪತ್ತು ನಿಮಿಷದೊಳಗೆ ತೆಗೆಯಬೇಕು.

ಬಿ ಕಾಂಪ್ಲೆಕ್ಸ್ ಮಾತ್ರೆ ಕೊಟ್ಟಿರಬಹುದು. ಕೊರತೆ ಇದ್ದರೆ ಅದು ಬೇಕು, ಹರಿದ ನರವನ್ನು ಅದು ಕೂಡಿಸದು. ಬಿ6 ಅನ್ನು ಹೆಚ್ಚು ಪ್ರಮಾಣದಲ್ಲಿ ತಿಂಗಳುಗಟ್ಟಲೆ ನುಂಗಿದರೆ ಅದೇ ನರಗಳಿಗೆ ಹಾನಿ ಮಾಡುತ್ತದೆ, ಜಿಮ್ ಪುಡಿಗಳ ಡಬ್ಬಿಯ ಮೇಲೆ ಓದಿ ನೋಡಿ. ನೋವಿಗೆ ಟ್ರಮಡಾಲ್ ಬರೆದಿದ್ದರೆ ಒಂದು ಎಚ್ಚರಿಕೆ: 2024ರ ಜನವರಿಯಿಂದ ಅದು ಸ್ಪರ್ಧೆಯ ಅವಧಿಯಲ್ಲಿ ನಿಷೇಧಿತ ಔಷಧಿಗಳ ಪಟ್ಟಿಯಲ್ಲಿದೆ. ಸಿದ್ಧ ವೈದ್ಯ ಪದ್ಧತಿಯ ವರ್ಮ ಚಿಕಿತ್ಸೆಯ ವಿಷಯ: ನಿಮ್ಮ ಮನೆ ಹತ್ತಿರದ ತಾಂಬರಂ ಸ್ಯಾನಟೋರಿಯಂನಲ್ಲೇ ರಾಷ್ಟ್ರೀಯ ಸಿದ್ಧ ಸಂಸ್ಥೆ ಇದೆ, ಆ ಪದ್ಧತಿಯ ಬಗ್ಗೆ ನಿಮಗಿರುವ ಗೌರವ ಅರ್ಥವಾಗುತ್ತದೆ. ಆದರೆ ಎಂಆರ್‌ಐ ಆಗುವವರೆಗೆ ಮಂಡಿಯನ್ನು ಯಾರೂ ಎಳೆಯುವುದು, ತಿರುಚುವುದು, ಗಟ್ಟಿಯಾಗಿ ಒತ್ತುವುದು ಬೇಡ. ಬಿದಿರು ಪಟ್ಟಿ ಇಟ್ಟು ಬಿಗಿಯಾಗಿ ಕಟ್ಟುವುದಂತೂ ಬೇಡವೇ ಬೇಡ. ಹಿಗ್ಗಿ ನೊಂದಿರುವ ನರಕ್ಕೆ ಇನ್ನೊಂದು ಎಳೆತ, ಇನ್ನೊಂದು ಒತ್ತಡ ತಾಳುವ ಶಕ್ತಿಯಿರುವುದಿಲ್ಲ.

ಎಲ್ಲಿಗೆ ಹೋಗಬೇಕು ಎಂದರೆ, ತಾಂಬರಂ–ಬೀಚ್ ರೈಲು ಹತ್ತಿದರೆ ಪಾರ್ಕ್ ನಿಲ್ದಾಣದ ಎದುರೇ ರಾಜೀವ್ ಗಾಂಧಿ ಸರ್ಕಾರಿ ಜನರಲ್ ಆಸ್ಪತ್ರೆ. ನರರೋಗ, ಮೂಳೆ, ಪ್ಲಾಸ್ಟಿಕ್ ಸರ್ಜರಿ ಮೂರೂ ವಿಭಾಗಗಳು ಅಲ್ಲಿವೆ. ಸ್ಟಾನ್ಲಿ ಆಸ್ಪತ್ರೆಯ ಕೈ ಶಸ್ತ್ರಚಿಕಿತ್ಸಾ ವಿಭಾಗ ನರ ಜೋಡಣೆಯಲ್ಲಿ ದೇಶದಲ್ಲೇ ಹೆಸರಾದದ್ದು. ಪೋರೂರಿನ ಶ್ರೀ ರಾಮಚಂದ್ರದಲ್ಲಿ ಕ್ರೀಡಾ ವಿಜ್ಞಾನ ಕೇಂದ್ರವೇ ಇದೆ. ರಜೆಗೆ ಊರಿಗೆ ಬಂದಾಗ ಎರಡನೇ ಅಭಿಪ್ರಾಯ ಬೇಕೆನಿಸಿದರೆ ಬೆಂಗಳೂರಿನ ನಿಮ್ಹಾನ್ಸ್. ಯಾರನ್ನು ಕಂಡರೂ ಮಂಡಿ ನೋಡುವವರೂ ನರ ನೋಡುವವರೂ ಪರಸ್ಪರ ಮಾತಾಡುವಂತೆ ನೋಡಿಕೊಳ್ಳಿ. ಲಿಗಮೆಂಟಿಗೆ ಆಪರೇಷನ್ ಆಗುವುದಾದರೆ ಅದೇ ಕೊಯ್ತದಲ್ಲಿ ನರವನ್ನೂ ನೋಡಿ, ಬಿಗಿತ ಬಿಡಿಸಬಹುದು.

ಮತ್ತೆ ಆಡುತ್ತಾನೆಯೇ? ಅಮೆರಿಕದ ಫುಟ್‌ಬಾಲ್ ಆಟಗಾರ ಜೇಲನ್ ಸ್ಮಿತ್‌ಗೆ 2016ರ ಜನವರಿ 1ರಂದು ಕಾಲೇಜು ಪಂದ್ಯವೊಂದರಲ್ಲಿ ಇದೇ ಆಯಿತು. ಮಂಡಿಯ ಎರಡು ಲಿಗಮೆಂಟ್ ಹರಿದವು, ಇದೇ ನರ ಸೋತು ಪಾದ ಬಿತ್ತು. ಆ ವರ್ಷದ ಇಡೀ ಋತು ಅವನು ಆಡಲಿಲ್ಲ. 2017ರಲ್ಲಿ ಡಲ್ಲಾಸ್ ತಂಡಕ್ಕೆ ಕಣಕ್ಕಿಳಿದಾಗಲೂ ಶೂ ಒಳಗೆ ಪಾದ ಎತ್ತಿ ಹಿಡಿಯುವ ಪಟ್ಟಿ ಇತ್ತು. ಮುಂದೆ ಆ ದೇಶದ ಅಗ್ರ ಆಟಗಾರರ ಸಾಲಿಗೂ ಸೇರಿದ. ಇದನ್ನು ಭರವಸೆಗಾಗಿ ಹೇಳುತ್ತಿದ್ದೇನೆ, ಅವನ ಗಡುವನ್ನು ನಿಮ್ಮ ಮಗನ ಮೇಲೆ ಹೊರಿಸುವುದಕ್ಕಲ್ಲ. ಎದುರಾಳಿ ಹಿಡಿಯುವುದೇ ಪಾದವನ್ನಾಗಿರುವ ಆಟದಲ್ಲಿ ಪಟ್ಟಿ ಕಟ್ಟಿಕೊಂಡು ರೈಡ್ ಮಾಡುವುದು ಬೇರೆಯೇ ಮಾತು. ಎಳೆದು ಆದ ಪೆಟ್ಟಿನಲ್ಲಿ ನರ ಪೂರ್ತಿ ಹರಿದವರ ಚೇತರಿಕೆ ಕಷ್ಟ. ಭಾಗಶಃ ಪೆಟ್ಟಾದವರಲ್ಲಿ ಹೆಚ್ಚಿನವರು ಚೆನ್ನಾಗಿಯೇ ಸುಧಾರಿಸುತ್ತಾರೆ. ಆಟಕ್ಕೆ ಮರಳಲು ದಿನಾಂಕ ಅಳತೆಗೋಲಾಗಬಾರದು. ಹಿಮ್ಮಡಿಯ ಮೇಲೆ ಇಪ್ಪತ್ತು ಹೆಜ್ಜೆ ನಡೆಯಬಲ್ಲನೇ, ಒಂಟಿ ಕಾಲಿನಲ್ಲಿ ಹಾರಿ ಇಳಿದಾಗ ಎರಡೂ ಬದಿ ಸಮವೇ, ಮಂಡಿ ಅಲುಗಾಡದೆ ನಿಲ್ಲುತ್ತದೆಯೇ: ಇವಿಷ್ಟಕ್ಕೂ ಹೌದು ಎಂದಾಗ ಮ್ಯಾಟ್ ಹತ್ತಲಿ.

ಮನೆಯಲ್ಲಿ ಬೇರೆ ಆಟದವರೂ ಇರಬಹುದು, ಅವರಿಗಾಗಿ ಎರಡು ಮಾತು. ವಾಲಿಬಾಲ್‌ನವರಲ್ಲಿ ಭುಜದ ಹಿಂದಿನ ಸುಪ್ರಾಸ್ಕ್ಯಾಪ್ಯುಲರ್ ನರ ಸದ್ದಿಲ್ಲದೆ ಸೋಲುತ್ತದೆ. 1985ರ ಯುರೋಪಿಯನ್ ಚಾಂಪಿಯನ್‌ಷಿಪ್‌ನಲ್ಲಿ 96 ಆಟಗಾರರನ್ನು ಪರೀಕ್ಷಿಸಿದ ಇಟಲಿಯ ವೈದ್ಯರಿಗೆ 12 ಮಂದಿಯಲ್ಲಿ ಆ ನರ ನಡೆಸುವ ಭುಜದ ಹಿಂದಿನ ಸ್ನಾಯು ಸೊರಗಿದ್ದು ಕಂಡಿತು, ಅವರಿಗಾರಿಗೂ ನೋವಿರಲಿಲ್ಲ. ಅಂಗಿ ಬಿಚ್ಚಿಸಿ ಬೆನ್ನು ನೋಡಿದರಷ್ಟೇ ಗೊತ್ತಾಗುತ್ತದೆ. ಮುಂಜಾನೆ ಸೈಕಲ್ ಹೊಡೆಯುವವರು ಕಿರುಬೆರಳು ಜುಮ್ಮೆಂದರೆ ಹ್ಯಾಂಡಲ್ ಹಿಡಿತ ಬದಲಿಸಲಿ, ಸೀಟಿನ ಎತ್ತರ ನೋಡಿಸಲಿ. ಕುಸ್ತಿ, ಕಬಡ್ಡಿಯಲ್ಲಿ ಕತ್ತು ಒತ್ತಿ ಒಂದು ತೋಳಿಗೆ ಮಾತ್ರ ಬೆಂಕಿ ಹರಿದಂತಾಗಿ ನಿಮಿಷದೊಳಗೆ ಶಮನವಾದರೆ ಅದು ತೋಳಿನ ನರಜಾಲದ ಎಳೆತ. ಬಲ ಪೂರ್ತಿ ಮರಳುವವರೆಗೆ ಹೊರಗೆ ಕೂರಬೇಕು. ಎರಡೂ ತೋಳಿಗೆ, ಅಥವಾ ಕಾಲಿಗೂ ಬಂದರೆ ಬೆನ್ನುಹುರಿಯ ಅಪಾಯ. ಆಟಗಾರನನ್ನು ಎಬ್ಬಿಸಿ ಕೂರಿಸಬೇಡಿ, ಕತ್ತನ್ನು ಅಲುಗಿಸದೆ ಆ್ಯಂಬುಲೆನ್ಸ್ ಕರೆಸಿ.

ನಿಮಗೆ ನನ್ನ ವಿನಂತಿ ಇಷ್ಟು. ಈ ವಾರ ಮಂಡಿಯ ಎಂಆರ್‌ಐ ಮತ್ತು ಪಾದದ ಪಟ್ಟಿ, ಮುಂದಿನ ವಾರ ಇಎಂಜಿ. ಈ ಸಲದ ಆಯ್ಕೆಯ ಮಾತನ್ನು ಮಗನ ಮುಂದೆ ಸದ್ಯಕ್ಕೆ ಎತ್ತಬೇಡಿ, ಕೋಚ್‌ಗೂ ಹೇಳಿಡಿ. ಮೊದಲ ಇಎಂಜಿ ವರದಿ ಬಂದ ಮೇಲೆ ಅದರ ಪ್ರತಿಯೊಂದಿಗೆ ಮತ್ತೊಮ್ಮೆ ಬರೆಯಿರಿ.